ಬಾಗಿಲಲ್ಲಿ ನಡೆಯುವ ಸಿದ್ಧತೆ

ಪಾಠಕ್ಕೆ ಮುನ್ನ ಪ್ರಾರ್ಥನೆ, ಊಟಕ್ಕೆ ಮುನ್ನ ಕೈತೊಳೆಯುವಿಕೆ: ಯಾವ ಕಾರ್ಯಕ್ಕಾದರೂ ಒಂದು ಪೂರ್ವಸಿದ್ಧತೆಯುಂಟು. ಗಣಕಯಂತ್ರದ ಡೇಟಾಬೇಸಿಗೂ ಇಂತಹ ಏರ್ಪಾಡು ಇದೆಯೆಂಬುದನ್ನು ನಾವು ಶಾಲೆಯ ಗ್ರಂಥಾಲಯದ ಸೇವೆಯಲ್ಲಿ ಅರಿತೆವು.

ಮುಂಬಯಿಯ ಕನ್ನಡ ಶಾಲೆಯ ಗ್ರಂಥಾಲಯವೆಂದರೆ ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷುಗಳ ಸಂಗಮವಷ್ಟೆ. ಆ ಎಲ್ಲ ಪುಸ್ತಕಗಳ ಪಟ್ಟಿಯನ್ನು ನಾವು ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸಿನಲ್ಲಿ ಸಂಗ್ರಹಿಸಿದ್ದೆವು. ಹಳೆಯ ತಂತ್ರಾಂಶವಿದ್ದ ಒಂದು ಯಂತ್ರದಿಂದ ಅದನ್ನು ತೆರೆದಾಗ ಇಂಗ್ಲಿಷ್ ಹೆಸರುಗಳು ಸರಿಯಾಗಿಯೇ ಕಂಡವು. ಕುವೆಂಪು, ಶಿವರಾಮ ಕಾರಂತರ ಹೆಸರುಗಳಿರಬೇಕಾದೆಡೆ ಮಾತ್ರ ಪ್ರಶ್ನೆಚಿಹ್ನೆಗಳ ಸಾಲು!

ಒಳಗಿನ ಅಕ್ಷರಗಳು ಕ್ಷೇಮವಾಗಿಯೇ ಇದ್ದವು. ಆದರೆ ಆ ಯಂತ್ರವು ಸಂಪರ್ಕಿಸುವಾಗ ಲ್ಯಾಟಿನ್-1 ಎಂಬ ಲಿಪಿಸಂಕೇತವನ್ನು ಸೂಚಿಸುತ್ತಿತ್ತು. 256 ಸ್ಥಾನಗಳಷ್ಟೇ ಇರುವ ಅದರಲ್ಲಿ ಕನ್ನಡಕ್ಕೆ ಎಡೆಯಿಲ್ಲ. ಆದುದರಿಂದ ಕಳುಹಿಸಲಾಗದ ಪ್ರತಿಯೊಂದು ಅಕ್ಷರಕ್ಕೂ ಡೇಟಾಬೇಸು ಪ್ರಶ್ನೆಚಿಹ್ನೆಯನ್ನು ಕೊಡುತ್ತಿತ್ತು. ಯಾರಾದರೂ ಅರಿಯದೆ ಆ ಚಿಹ್ನೆಗಳನ್ನೇ ಮರಳಿ ಉಳಿಸಿದ್ದರೆ ಮೂಲದ ಹೆಸರೇ ಅಳಿದುಹೋಗುತ್ತಿತ್ತು. ವಿಪತ್ತು ಇದ್ದುದು ಇಲ್ಲಿಯೇ.

ಪ್ರತಿಯೊಂದು ಯಂತ್ರವನ್ನೂ ತಿದ್ದುತ್ತ ಹೋಗುವುದಕ್ಕಿಂತ ಬಾಗಿಲಲ್ಲೇ ನಿಯಮವನ್ನಿಡುವುದು ಲೇಸು. ಮೈಎಸ್‌ಕ್ಯೂಎಲ್‌ನಲ್ಲಿ ಇದಕ್ಕೆ 'ಇನಿಟ್ ಕನೆಕ್ಟ್' ಎಂಬ ಸೌಕರ್ಯವಿದೆ. ಅದರಲ್ಲಿ 'ಸೆಟ್ ನೇಮ್ಸ್ ಯುಟಿಎಫ್8ಎಂಬಿ4' ಎಂಬ ಆಜ್ಞೆಯನ್ನು ಬರೆದಿಟ್ಟರೆ, ಬಳಕೆದಾರನು ಸಂಪರ್ಕಿಸಿದೊಡನೆ ಅದು ತಾನಾಗಿ ನಡೆದು, ಎಲ್ಲ ಭಾಷೆಗಳಿಗೂ ದಾರಿ ತೆರೆಯುತ್ತದೆ. ಒರಾಕಲ್ ಡೇಟಾಬೇಸಿನಲ್ಲಿ ಇದೇ ಕಾರ್ಯಕ್ಕೆ ಲಾಗಾನ್ ಟ್ರಿಗರ್ ಎಂಬುದಿದೆ; ಪೋಸ್ಟ್‌ಗ್ರೆಸ್‌ನಲ್ಲಿ ಅಂತಹ ಅನುಕೂಲ 2024ರ 17ನೆಯ ಆವೃತ್ತಿಯಿಂದ ಬಂದಿದೆ.

ಆದರೆ ಬಾಗಿಲ ನಿಯಮವನ್ನು ಬಹು ಎಚ್ಚರದಿಂದ ಬರೆಯಬೇಕು. ಆಜ್ಞೆಯಲ್ಲಿ ಒಂದಕ್ಷರ ತಪ್ಪಿದರೂ ಸಾಮಾನ್ಯ ಬಳಕೆದಾರರಿಗೆಲ್ಲ ಪ್ರವೇಶವೇ ನಿಂತುಹೋಗುತ್ತದೆ. ಅದಕ್ಕಾಗಿಯೇ ಮೈಎಸ್‌ಕ್ಯೂಎಲ್ ಮೇಲಧಿಕಾರವುಳ್ಳ ನಿರ್ವಾಹಕನಿಗೆ ಈ ನಿಯಮವನ್ನು ಅನ್ವಯಿಸುವುದಿಲ್ಲ. ಅವನು ಒಳಹೊಕ್ಕು ದೋಷವನ್ನು ಸರಿಪಡಿಸಬಲ್ಲನು. ಇದರಿಂದ ಇನ್ನೊಂದು ಪಾಠವೂ ದೊರೆಯುತ್ತದೆ. ನಿಯಮ ಸರಿಯಿದೆಯೇ ಎಂಬುದನ್ನು ನಿರ್ವಾಹಕನ ಹೆಸರಿನಿಂದ ಪರೀಕ್ಷಿಸಿ ಫಲವಿಲ್ಲ. ಸಾಮಾನ್ಯ ಬಳಕೆದಾರನಾಗಿಯೇ ಒಳಹೊಕ್ಕು ನೋಡಬೇಕು. ನಾವು ಹಾಗೆಯೇ ನೋಡಿದೆವು. ಕನ್ನಡವೂ ಮರಾಠಿಯೂ ಸ್ವಚ್ಛವಾಗಿ ಮೂಡಿದವು.

ಸಹಪಾಠಿಗಳೇ, ಗಣಕಯಂತ್ರಕ್ಕೆ ಕನ್ನಡ ಒಗ್ಗದೆಂದು ಯಾರಾದರೂ ಹೇಳಿದರೆ ನಾವು ತಲೆತಗ್ಗಿಸಬೇಕಾಗಿಲ್ಲ. 1991ರ ಮೊದಲನೆಯ ಯೂನಿಕೋಡಿನಲ್ಲಿಯೇ ನಮ್ಮ ಲಿಪಿಗೆ ಸ್ಥಾನ ದೊರೆತಿದೆ. ಅಕ್ಷರವು ಕಾಣದಿದ್ದಲ್ಲಿ ಕೊರತೆ ಭಾಷೆಯದಲ್ಲ, ಏರ್ಪಾಡಿನದು; ಏರ್ಪಾಡನ್ನು ಕಲಿತು ಸರಿಪಡಿಸುವುದು ನಮ್ಮ ಕೈಯಲ್ಲಿಯೇ ಇದೆ.