ಪುಟ್ಟಿಗೊಂದು ಖುರ್ಚಿ

ನಮ್ಮ ಮನ್ಯಾಗ ಡೈನಿಂಗ್ ಟೇಬಲ್ ಅನ್ನೋದು ಇಲ್ಲ. ಮೊದಲಿನಿಂದನೂ ಅಡಗಿಮನ್ಯಾಗ ನೆಲದ ಮ್ಯಾಲೆ ಸಾಲಾಗಿ ಕೂತು ಊಟ ಮಾಡೋ ಮಂದಿ ನಾವು. ಮಾವನವ್ರಿಗೆ ಒಂದು ಮಣಿ, ನಮ್ಮ ಮನಿಯವ್ರಿಗೆ ಒಂದು ಚಾಪಿ ತುಂಡು, ನನಗ ಸಿಕ್ಕ ಜಾಗ. ನಮ್ಮತ್ತಿಯವ್ರದು ಮಾತ್ರ ಎರಡು ವರ್ಷದಿಂದ ಬ್ಯಾರೆ ಪಂಕ್ತಿ. ಮೊಣಕಾಲಿನ ಆಪರೇಶನ್ ಆದ ಮ್ಯಾಲೆ ಡಾಕ್ಟರು ನೆಲಕ್ಕ ಕೂಡಬ್ಯಾಡ್ರಿ ಅಂದಾರ. ಹಿಂಗಾಗಿ ಪಡಸಾಲ್ಯಾಗ ಒಂದು ಪ್ಲಾಸ್ಟಿಕ್ ಖುರ್ಚಿ, ಮುಂದ ಸ್ಟೂಲ್, ಅದರ ಮ್ಯಾಲೆ ತಾಟು, ಎದುರಿಗೆ ಟೀವಿ. ನಾವು ಒಳಗಿಂದ "ಅನ್ನ ಬೇಕೇನ್ರೀ?" ಅಂತ ಒದರೋದು, ಅವರು ಅಲ್ಲಿಂದ "ಸಾಕವಾ" ಅನ್ನೋದು. ಅದು ರೂಢಿ ಆಗಿಬಿಟ್ಟಿತ್ತು. ಅದರಾಗ ಏನರ ಕೊರತಿ ಅದ ಅಂತ ನನಗಂತೂ ಅನಿಸಿದ್ದಿಲ್ಲ.

ಇಂಥಾ ನೆಲದ ಮ್ಯಾಲೆ ಉಣ್ಣೋ ಮನಿಗೆ ಕೂಸಿಗಂತ ಒಂದು ಎತ್ತರದ ಖುರ್ಚಿ ಹೆಂಗ ಬಂತು ಅಂತ ಹೇಳ್ತೀನಿ ಕೇಳ್ರಿ.

ಪುಟ್ಟಿಗೆ ಆರು ತಿಂಗಳು ತುಂಬಿ ಅನ್ನಪ್ರಾಶನ ಆತು. ಅವತ್ತಿನಿಂದ ನಮ್ಮತ್ತಿಯವರು ಮಂಚದ ಮ್ಯಾಲೆ ಕಾಲು ಚಾಚಿ, ಕೂಸಿನ್ನ ಕಾಲಮ್ಯಾಲೆ ಅಂಗಾತ ಮಲಗಿಸ್ಕೊಂಡು, ತೆಳ್ಳನ ರಾಗಿ ಗಂಜಿ ಒಳಲೆದಾಗ ಹಾಕಿ ಕುಡಿಸಲಿಕ್ಕೆ ಶುರು ಮಾಡಿದ್ರು. ಮೂರು ಮಕ್ಕಳನ್ನ ಹಂಗ ಬೆಳೆಸಿದ ಕೈ ಅದು. ಒಂದು ಹನಿ ಚೆಲ್ಲತಿದ್ದಿಲ್ಲ. ಆದರ ನಮ್ಮ ಪುಟ್ಟಿ ಒಂದು ವಾರಕ್ಕ ಮಲಗಲಿಕ್ಕೆ ಒಲ್ಲೆ ಅಂತ ಹಟಾ ಹಿಡದ್ಲು. ಏಳು ತಿಂಗಳಾಗೋದರಾಗ ತಾನ ಕೂಡ್ತಿದ್ಲು, ಚಮಚಾ ಕಸಗೋತಿದ್ಲು, ನಮ್ಮ ತಾಟಿನಾಗಿನ ರೊಟ್ಟಿಗೆ ಕೈ ಹಾಕ್ತಿದ್ಲು. ಡಾಕ್ಟರು ನೋಡಿ, "ಕುತ್ತಿಗಿ ನಿಂತದ, ಕೂಡ್ತಾಳ, ಸಿಕ್ಕದ್ದು ಬಾಯಿಗೆ ಒಯ್ತಾಳ, ಬಾಯಾಗ ಇಟ್ಟದ್ದನ್ನ ನಾಲಗೀಲೆ ಹೊರಗ ನೂಕೋದು ಬಿಟ್ಟಾಳ. ಇನ್ನ ತಾನ ಹಿಡದು ತಿನ್ನಲಿ. ಮೆತ್ತಗ ಬೇಯಿಸಿ ಬೆರಳಿನಷ್ಟು ಉದ್ದ ತುಂಡು ಕೊಡ್ರಿ. ಆದರ ಮಲಗಿಸಿ ಬ್ಯಾಡ, ನೆಟ್ಟಗ ಕೂಡಿಸಿ" ಅಂದ್ರು.

ನೆಟ್ಟಗ ಕೂಡಿಸೋದು ಎಲ್ಲೆ? ತೊಡಿ ಮ್ಯಾಲೆ ಕೂಡಿಸ್ಕೊಂಡ್ರ ನನ್ನ ಊಟ ಆಗ್ತಿದ್ದಿಲ್ಲ. ನೆಲದ ಮ್ಯಾಲೆ ಕೂಡಿಸಿದ್ರ ಎರಡು ತುತ್ತಿಗೆ ಬೋರಲಾಗಿ ಬಿಸಿ ಸಾರಿನ ಪಾತೇಲಿ ಕಡೆ ಹೊಂಟ್ಬಿಡ್ತಿದ್ಲು. ಇದನ್ನ ಕೇಳಿ ನಮ್ಮ ನಾದಿನಿ, ಬೆಳಗಾವಿಂದ ತನ್ನ ಮಗನ ಹಳೇ ಖುರ್ಚಿ ಕಾರಿನಾಗ ಹಾಕ್ಕೊಂಡು ಬಂದು ಇಳಿಸಿದ್ಲು. ಏನು ಖುರ್ಚಿ ಅಂತೀರಿ! ದಪ್ಪನ ಗಾದಿ, ನಾಕು ಗಾಲಿ, ಹಿಂದಕ್ಕ ವಾಲಸಲಿಕ್ಕೆ ಒಂದು ಹಿಡಕಿ, ತಾಟಿನ ತುಂಬ ತಿರುಗೋ ಗೊಂಬಿ. ಪುಕ್ಕಟ ಬಂದದ್ದಕ್ಕ ನಾವೂ ಖುಷಿ ಪಟ್ವಿ.

ನಾಕನೇ ದಿವಸಕ್ಕ ಆತು ನೋಡ್ರಿ. ಗಜ್ಜರಿ ಬೇಯಿಸಿ ಉದ್ದಕ ಹೆಚ್ಚಿ ಕೊಟ್ಟಿದ್ದೆ. ಗಾದಿ ಮ್ಯಾಲೆ ಕೂಸು ಜಾರಿ ಜಾರಿ ಅರ್ಧ ಮಲಗಿಧಂಗ ಆಗಿತ್ತು, ನಾನು ಅತ್ತಕಡೆ ಒಗ್ಗರಣಿ ಹಾಕ್ತಿದ್ದೆ. ಒಮ್ಮೆಲೇ ಪುಟ್ಟಿ ಓಕರಿಸಲಿಕ್ಕೆ ಹತ್ತಿದ್ಲು. ಮಾರಿ ಕೆಂಪಾತು, ಕಣ್ಣಾಗ ನೀರು. ನಮ್ಮತ್ತಿಯವರು ಕೋಲು ಬಿಟ್ಟು ಓಡಿ ಬಂದು ಬಾಯಾಗ ಬೆರಳು ಹಾಕಿಬಿಟ್ರು. ತುಂಡು ಮತ್ತೂ ಒಳಗ ಹೋತು. ಕಡೀಕೆ ಕೂಸು ಎಲ್ಲಾ ವಾಂತಿ ಮಾಡ್ಕೊಂಡು ಅದರ ಜೋಡಿ ತುಂಡೂ ಹೊರಗ ಬಂತು. ಅರ್ಧ ನಿಮಿಷದ ಮಾತು. ಆದರ ನನ್ನ ಕೈ ರಾತ್ರಿತನಕ ನಡಗತಿತ್ತು.

"ನಾ ಮೂರು ಹಡದು ಬೆಳಸೀನಿ. ಒಂದೂ ಹಿಂಗ ಮಾಡಿದ್ದಿಲ್ಲ. ಇನ್ನ ಆ ಖುರ್ಚಿ ಬ್ಯಾಡ, ಆ ತುಂಡೂ ಬ್ಯಾಡ" ಅಂದ್ರು ಅತ್ತಿ. ನಾನೂ ಸುಮ್ಮನಿರಲಿಲ್ಲ, "ನೀವು ಬೆರಳು ಹಾಕಿದ್ದಕ್ಕನ ಒಳಗ ಹೋತು" ಅಂದೆ. ಅವತ್ತು ಮನ್ಯಾಗ ಯಾರೂ ಸರಿಯಾಗಿ ಉಣಲಿಲ್ಲ.

ಮರುದಿವಸ ಇಬ್ಬರೂ ಡಾಕ್ಟರ ಹತ್ತರ ಹೋದ್ವಿ. ಅವರು ಯಾರನ್ನೂ ಬೈಲಿಲ್ಲ. "ಕೂಸು ಓಕರಿಸೋದು, ಕೆಮ್ಮೋದು, ಸಪ್ಪಳ ಮಾಡೋದು ಅಂದ್ರ ತಾನ ಹೊರಗ ಹಾಕಲಿಕ್ಕೆ ಹತ್ತದ ಅಂತ ತಿಳ್ಕೊಳ್ರಿ. ಸಣ್ಣ ಮಕ್ಕಳಿಗೆ ಓಕರಿಕಿ ದೊಡ್ಡವರಿಗಿಂತ ಲಗೂನ ಬರ್ತದ. ಅಂಜಬೇಕಾದ್ದು ಸಪ್ಪಳ ನಿಂತಾಗ. ಕೆಮ್ಮಲಿಕ್ಕೆ ಆಗ್ತಿಲ್ಲ, ಅಳಲಿಕ್ಕೆ ಆಗ್ತಿಲ್ಲ, ತುಟಿ ನೀಲಿ ಆಗಲಿಕ್ಕೆ ಹತ್ತದ ಅಂದ್ರ ತೊಡಿ ಮ್ಯಾಲೆ ಬೋರಲು ಹಾಕಿ, ತಲಿ ಕೆಳಗ ಮಾಡಿ, ಎರಡೂ ಹೆಗಲ ನಡುವ ಅಂಗೈಲೆ ಐದು ಸಲ ಬಡೀಬೇಕು. ಹೋಗಲಿಲ್ಲಂದ್ರ ಅಂಗಾತ ಮಾಡಿ ಎದಿ ನಡುವ ಐದು ಸಲ ಒತ್ತಬೇಕು. ಹೊರಗ ಬರೋತನಕ ಅದನ್ನ ತಿರುಗಿ ಮಾಡ್ಕೋತ ಇರ್ರಿ, ಇನ್ನೊಬ್ಬರು ಆಂಬ್ಯುಲೆನ್ಸಿಗೆ ಫೋನ್ ಮಾಡ್ಲಿ. ಕಾಣಲಾರದ ತುಂಡಿಗೆ ಬಾಯಾಗ ಬೆರಳು ಹಾಕಬ್ಯಾಡ್ರಿ" ಅಂತ ಒಂದು ಗೊಂಬಿ ಮ್ಯಾಲೆ ಮಾಡಿ ತೋರಿಸಿದ್ರು. ನಮ್ಮತ್ತಿಯವರು ತಾವೂ ಒಮ್ಮೆ ಮಾಡಿ ನೋಡಿದ್ರು. ಆಮ್ಯಾಲೆ ಡಾಕ್ಟರು ಕೇಳಿದ್ದು ಒಂದ ಪ್ರಶ್ನೆ: "ನಿಮ್ಮ ಖುರ್ಚಿ ಹೆಂಗದ?"

ಅಲ್ಲೀತನಕ ಖುರ್ಚಿ ಅಂದ್ರ ಕೂಸು ಬೀಳಬಾರದು ಅನ್ನೋದಕ್ಕ ಇರೋದು ಅಂತ ನನ್ನ ತಿಳವಳಿಕಿ. ಡಾಕ್ಟರು ಹೇಳಿದ ಮ್ಯಾಲೆ ಗೊತ್ತಾತು, ಕೂಡೋದು ಸರಿ ಇದ್ರ ನುಂಗೋದು ಸರಿ ಇರ್ತದ. ಸೊಂಟ ನೆಟ್ಟಗ, ಮೊಣಕಾಲು ಮಡಚಿ, ಅಂಗಾಲು ಯಾವದರ ಮ್ಯಾಲರ ಊರಿರಬೇಕು. ನಂಬಿಕಿ ಬರಲಿಲ್ಲಂದ್ರ ನೀವ ಅಡಗಿ ಕಟ್ಟಿ ಮ್ಯಾಲೆ ಕಾಲು ಇಳಿಬಿಟ್ಟು ಕೂತು, ಎದುರಿಗೆ ಎದಿ ಎತ್ತರಕ್ಕ ತಾಟು ಇಟ್ಕೊಂಡು ಊಟ ಮಾಡಿ ನೋಡ್ರಿ. ನಾ ಮಾಡಿ ನೋಡೀನಿ. ಎರಡು ತುತ್ತಿಗೆ ಸೊಂಟ ಅಳ್ಳಾಡತದ, ಧ್ಯಾನ ಎಲ್ಲಾ ಬೀಳಲಾರದಂಗ ಕೂಡೋದರಾಗ ಹೋಗ್ತದ. ಕೂಸಿಗೂ ಹಂಗ.

ಸರಿ, ಟೇಪು ತಗೊಂಡು ಅಂಗಡಿ ಅಂಗಡಿ ತಿರುಗಿದ್ವಿ. ಪುಟ್ಟಿನ್ನೂ ಕರಕೊಂಡು ಹೋಗಿ ಪ್ರತಿಯೊಂದರಾಗೂ ಕೂಡಿಸಿ ನೋಡಿದ್ವಿ. ಅಂಗಡಿಯಾಂವ ಗಾಲಿ, ಗಾದಿ, ಗೊಂಬಿ ತೋರಸ್ತಿದ್ದ. ನಾವು ಬ್ಯಾರೆನ ನೋಡ್ತಿದ್ವಿ. ಬೆನ್ನು ನೆಟ್ಟಗ ನಿಲ್ತದೋ ಇಲ್ಲೋ? ತಾಟು ಕೂಸಿನ ಮೊಣಕೈ ಎತ್ತರಕ್ಕ ಬರ್ತದೋ, ಗದ್ದಕ್ಕ ಬರ್ತದೋ? ಸೊಂಟಕ್ಕ, ಹೆಗಲಿಗೆ ಎರಡೂ ಕಡೆ ಬೆಲ್ಟ್ ಅದನೋ, ಕಾಲಿನ ನಡುವ ಅಡ್ಡ ಏನರ ಅದನೋ? ತಾಟು ಅಂದ್ರ ಬೆಲ್ಟ್ ಅಲ್ಲ, ಕೂಸು ಅದರ ಕೆಳಗಿಂದ ಜಾರತದ. ಕೆಳಗ ಕಾಲು ಅಗಲ ಇದ್ದು ಗಟ್ಟಿ ನಿಲ್ತದೋ? ಹಂಗ ನಿಂತರೂ ಗ್ವಾಡಿಗೆ, ಕಟ್ಟಿಗೆ ಹತ್ತಿಸಿ ಇಡಬಾರದು, ಕೂಸು ಕಾಲು ಕೊಟ್ಟು ನೂಕಿದ್ರ ಖುರ್ಚಿನ ಹಿಂದಕ್ಕ ಬೀಳತದ.

ಕಡೀಗೆ ತೊಳಿಯೋ ಮಾತು. ನಾದಿನಿ ಖುರ್ಚಿ ಗಾದಿ ಹೊಲಿಗ್ಯಾಗ ಹೊಕ್ಕ ರಾಗಿ ಗಂಜಿ ತಗೀಲಿಕ್ಕೆ ನಾ ಹಲ್ಲುಜ್ಜೋ ಬ್ರಶ್ ಹಿಡದು ಕೂತಿದ್ದೆ. ನಮ್ಮ ಮನ್ಯಾಗ ಮುಸರಿ ಭಾಳ, ಅತ್ತಿಯವರು ಅದನ್ನ ಅಡಗಿಮನ್ಯಾಗ ಬಿಟ್ಕೊಂಡಿದ್ದಿಲ್ಲ. ಗಾದಿ ಇಲ್ಲದ ಬರೇ ಪ್ಲಾಸ್ಟಿಕ್ಕಿನದು ಇದ್ರ ಬಚ್ಚಲಕ್ಕ ಒಯ್ದು ಒಂದು ತಂಬಗಿ ನೀರು ಹಾಕಿದ್ರ ಮುಗೀತು.

1972ರಾಗ ನಾರ್ವೇ ದೇಶದ ಪೀಟರ್ ಓಪ್ಸ್ವಿಕ್ ಅನ್ನೋರು ಟ್ರಿಪ್ ಟ್ರಾಪ್ ಅಂತ ಒಂದು ಕಟಿಗಿ ಖುರ್ಚಿ ಮಾಡಿದ್ರಂತ. ಕೂಡೋ ಹಲಿಗಿ, ಕಾಲಿಡೋ ಹಲಿಗಿ ಎರಡನ್ನೂ ಕೂಸು ಬೆಳದಂಗ ಸರಿಸಬಹುದು. ಕೂಸು ಮನಿ ಮಂದಿ ಜೋಡಿ ಅದ ಟೇಬಲ್ಲಿಗೆ, ಅವರ ಎತ್ತರಕ್ಕ ಕೂತು ಉಣ್ಣಲಿ ಅನ್ನೋದು ಅದರ ಹಿಂದಿನ ವಿಚಾರ. ಅದರ ರೊಕ್ಕ ನಮ್ಮ ಕೈಗೆ ಎಟಕೂದಲ್ಲ, ಆದರ ವಿಚಾರ ಮಾತ್ರ ನನ್ನ ತಲ್ಯಾಗ ಕೂತು ಬಿಡ್ತು. ಮನಿ ಮಂದಿ ಎತ್ತರಕ್ಕ ಅಂತಾರಲ್ಲ, ನಮ್ಮ ಮನಿ ಮಂದಿ ಎತ್ತರ ಅಂದ್ರ ನೆಲ!

ನಮ್ಮ ಮನಿಯವರೂ ಅದನ್ನ ಅಂದ್ರು. "ನಾವೆಲ್ಲ ಕೆಳಗ, ಅಕಿ ಒಬ್ಬಾಕೀನ ಮ್ಯಾಲೆ ಸಿಂಹಾಸನದಾಗ ಕೂತು ನಮ್ಮ ನೆತ್ತಿ ನೋಡ್ಕೋತ ಉಣಬೇಕೇನು? ಗಿಡ್ಡ ಖುರ್ಚಿನ ತರೋಣ, ಪಂಕ್ತಿಯೊಳಗ ಬರ್ತಾಳ." ಮಾತು ಖರೇನ ಇತ್ತು. ನೆಲಕ್ಕ ಹತ್ತೋ ಗಿಡ್ಡ ಖುರ್ಚಿ ಸೋವಿ ಇದ್ವು, ಬೀಳೋ ಅಂಜಿಕಿನೂ ಕಡಿಮಿ. ಅದನ್ನ ತರೋದು ಅಂತ ಮಾತಾತು.

ಆ ರಾತ್ರಿ ನಾ ತಾಟು ತೆಗೀಲಿಕ್ಕೆ ಪಡಸಾಲಿಗೆ ಹೋದಾಗ ಅತ್ತಿಯವರು ಟೀವಿ ಕಡೆ ನೋಡ್ಕೋತನ ಅಂದ್ರು, "ಎತ್ತರದ್ದ ತರ್ರೆವಾ. ನನ್ನ ಬಾಜೂಕ ಆಗ್ತದ."

ನನಗ ಏನ ಹೇಳಬೇಕು ತಿಳೀಲಿಲ್ಲ. ಎರಡು ವರ್ಷ ಅವರು ಒಬ್ಬರ ಕೂತು ಉಂಡಿದ್ರು. ಕಾಲಿನ ಮ್ಯಾಲೆ ಕೂಸಿನ್ನ ಮಲಗಿಸ್ಕೊಂಡು ಗಂಜಿ ಹಾಕೋ ಆ ಹದಿನೈದು ನಿಮಿಷ ಇತ್ತಲ್ಲ, ದಿನಾ ಅವರ ಜೋಡಿ ಒಬ್ಬರು ಕೂಡೋ ಹೊತ್ತು ಅಂದ್ರ ಅದೊಂದ. ನಾನು ಅದನ್ನೂ ಕಸಗೊಂಡು, ಕೂಸಿನ್ನ ಒಳಗ ಒಯ್ದು ನಮ್ಮ ಪಂಕ್ತಿಯೊಳಗ ಕೂಡಿಸೋ ವಿಚಾರದಾಗಿದ್ದೆ. ಅವರು ತುಂಡು ಬ್ಯಾಡ, ಖುರ್ಚಿ ಬ್ಯಾಡ ಅಂದದ್ದರಾಗ ಅಂಜಿಕಿ ಅರ್ಧ ಇತ್ತು. ಉಳದ ಅರ್ಧ ಏನು ಅಂತ ನನಗ ಅವತ್ತು ತಿಳೀತು.

ಎತ್ತರದ್ದ ತಂದ್ವಿ. ಬರೇ ಪ್ಲಾಸ್ಟಿಕ್ಕಿಂದು, ನಾಕು ಪೈಪಿನ ಕಾಲು, ಬೇಕಂದ್ರ ಕಾಲು ಬಿಚ್ಚಿ ಗಿಡ್ಡ ಮಾಡಬಹುದು. ಎಲ್ಲಾ ಸರಿ ಇತ್ತು, ಕಾಲಿಡೋ ಜಾಗ ಒಂದು ಭಾಳ ಕೆಳಗಿತ್ತು. ಪುಟ್ಟಿ ಅಂಗಾಲು ಅಲ್ಲಿಗೆ ಮುಟ್ಟಬೇಕಂದ್ರ ಅಕಿಗೆ ಇನ್ನೂ ಎರಡು ವರ್ಷ ಬೇಕು. ನಮ್ಮ ಓಣಿ ಬಡಿಗ್ಯಾರ ಕಡೆ ಒಂದು ಹಲಿಗಿ ಗೀಸಿ ನುಣ್ಣಗ ಮಾಡಿಸಿ, ಪೈಪಿನ ಕ್ಲ್ಯಾಂಪ್ ಹಾಕಿ ಮುಂದಿನ ಎರಡು ಕಾಲಿಗೆ ಅಡ್ಡ ಕೂಡಿಸಿದ್ವಿ. ಕೂಸು ಬೆಳದಂಗ ಕ್ಲ್ಯಾಂಪ್ ಅಳ್ಳಕ ಮಾಡಿ ಕೆಳಗ ಸರಿಸಿದ್ರ ಆತು. ಕಾಲು ಊರಿದ ದಿವಸ ಪುಟ್ಟಿ ಕೂತ ರೀತಿನ ಬದಲಾತು. ಜಾರೋದು ನಿಂತು, ಮುಂದಕ್ಕ ಬಗ್ಗಿ ಎರಡೂ ಕೈಲೆ ಹಿಡದು ತಿನ್ನಲಿಕ್ಕೆ ಹತ್ತಿದ್ಲು.

ಈಗ ಪಡಸಾಲ್ಯಾಗ ಎರಡು ಖುರ್ಚಿ ಬಾಜೂಕ ಬಾಜೂಕ. ಅತ್ತಿ ಸ್ಟೂಲ್ ಮ್ಯಾಲೆ ರೊಟ್ಟಿ, ಪಲ್ಯಾ. ಪುಟ್ಟಿ ತಾಟಿನಾಗ ಕುದಿಸಿದ ಗೆಣಸು, ಬಟಾಟಿ, ಇಡ್ಲಿ ತುಂಡು, ತುಪ್ಪ ಹಾಕಿ ಹಿಚುಕಿದ ತವ್ವಿ ಅನ್ನ. ವರ್ಷ ತುಂಬೋತನಕ ಉಪ್ಪು, ಸಕ್ರಿ ಬ್ಯಾಡ ಅಂದಾರ ಡಾಕ್ಟರು, ಜೇನು ಅಂತೂ ನೆಕ್ಕಿಸಲೂ ಬಾರದು. ಪ್ರತಿ ತುಂಡನ್ನೂ ಅತ್ತಿಯವರು ಮೊದಲು ಎರಡು ಬೆರಳಾಗ ಹಿಡದು ಹಿಚುಕಿ ನೋಡ್ತಾರ, ಹಿಚುಕಿ ಹೋದ್ರ ಮಾತ್ರ ತಾಟಿಗೆ. ಮನಿಗೆ ಬಂದವರು ಯಾರರ ಕೂಸಿನ ಕೈಗೆ ಶೇಂಗಾ ಕೊಡ್ಲಿಕ್ಕೆ ಹೋದ್ರ ಅವರಿಗೆ ಪಾಠ ಆಗ್ತದ. ಮೊನ್ನೆ ಪುಟ್ಟಿ ಇಡ್ಲಿ ತಿನ್ನೋವಾಗ ಓಕರಿಸಿದ್ಲು. ನಾ ಎದ್ದು ಓಡಿದ್ರ ಅತ್ತಿಯವರು ಕೈ ಅಡ್ಡ ಹಿಡದು, "ತಡಿ, ಸಪ್ಪಳ ಮಾಡ್ಲಿಕ್ಹತ್ಯಾಳ" ಅಂದ್ರು. ಕೂಸು ಕೆಮ್ಮಿ ತುಂಡು ಉಗುಳಿ ಮತ್ತೊಂದಕ್ಕ ಕೈ ಚಾಚಿತು.

ಕೂಸು ಖುರ್ಚ್ಯಾಗ ಇರೋತನಕ ಒಬ್ಬರು ಬಿಟ್ಟು ಹೋಗಬಾರದು ಅಂತ ಅದಲ್ಲ, ಅದರ ಸಲುವಾಗಿ ಮೊದಲು ನಾ ನನ್ನ ತಾಟು ಪಡಸಾಲಿಗೆ ತಂದೆ. ಆಮ್ಯಾಲೆ ನಮ್ಮ ಮನಿಯವರು ಬಂದ್ರು. ಮಾವನವರು ಒಂದು ವಾರ ಅಡಗಿಮನ್ಯಾಗ ಒಬ್ಬರ ಉಂಡು, ಕಡೀಕೆ ಮಣಿ ಎತ್ಕೊಂಡು ಅವರೂ ಬಂದ್ರು. ಟೀವಿ ಹಚ್ಚೋದು ತಾನ ನಿಂತದ, ಮಾತು ಕೇಳ್ಸೂದಿಲ್ಲಲ್ಲ.

ಪುಟ್ಟಿ ಕೆಳಗ ಒಂದು ಹಳೇ ಸೀರಿ ಮಡಚಿ ಹಾಸ್ತೀವಿ. ಬಾಯಾಗ ಹೋಗೋದಕ್ಕಿಂತ ಸೀರಿ ಮ್ಯಾಲೆ ಬೀಳೋದ ಜಾಸ್ತಿ, ಅಕಿ ಹೊಟ್ಟಿ ಇನ್ನೂ ನನ್ನ ಹಾಲಿನ ಮ್ಯಾಲೇನ ನಡದದ. ಮಾವನವರ ಮಣಿ ಮಾತ್ರ ಸರಿಯಾಗಿ ಅಕಿ ಖುರ್ಚಿ ಮುಂದ ಬಿದ್ದದ. ನಿನ್ನೆ ತವ್ವಿ ಅನ್ನದ ಮುದ್ದಿ ಅವರ ಬೋಳು ತಲಿ ಮ್ಯಾಲೆ ಬಿತ್ತು. ಜಾಗಾ ಬದಲಿ ಮಾಡ್ರಿ ಅಂದ್ರ ಒಲ್ಲೆ ಅಂತಾರ.