ಬ್ಯಾಗು ಬರುವ ದಿನ

1970ರ ದಶಕದ ಕೊನೆಯಲ್ಲಿ ನಾನು ಯುರೋಪಿನ ಒಂದು ಭಾರತೀಯ ರಾಯಭಾರ ಕಚೇರಿಯಲ್ಲಿ ಸ್ಟೆನೋ ಆಗಿದ್ದೆ. ಅಲ್ಲಿ ನಮಗೆಲ್ಲ ದೊಡ್ಡ ದಿನವೆಂದರೆ ದೆಹಲಿಯ ಬ್ಯಾಗು ಬರುವ ದಿನ. ಮುದ್ರೆ ಒತ್ತಿದ ಆ ಚೀಲವನ್ನು ಕಸ್ಟಮ್ಸ್‌ನವರು ಬಿಚ್ಚುವಂತಿಲ್ಲ, 1961ರ ವಿಯೆನ್ನಾ ಒಪ್ಪಂದದ ರಕ್ಷೆ ಅದಕ್ಕಿದೆ. ಒಳಗೆ ಸರ್ಕಾರದ ಗುಟ್ಟುಗಳ ಜೊತೆ ನಮ್ಮ ಮನೆಯ ಕಾಗದಗಳೂ ಇರುತ್ತಿದ್ದವು. ನಾನು ಕಾಯುತ್ತಿದ್ದದ್ದು ಯಾವುದಕ್ಕೆ ಎಂದು ಬೇರೆ ಹೇಳಬೇಕಿಲ್ಲ. ತುರ್ತು ಸುದ್ದಿ ಸೈಫರ್ ತಂತಿಯಲ್ಲಿ ಬರುತ್ತಿತ್ತು. ಅದನ್ನು ಬಿಡಿಸಿ ಕೊಡುವವರೆಗೆ ರಾಯಭಾರಿಯೂ ಸುಮ್ಮನೆ ಕೂರಬೇಕು. ದೆಹಲಿ ದೂರವಿತ್ತು, ಆ ದೂರದಿಂದಲೇ ಸಾಹೇಬರ ಗತ್ತು. ಈಗ ಮಂತ್ರಿಗೆ ಮಂತ್ರಿಯೇ ಫೋನ್ ಮಾಡುತ್ತಾರೆ.

ಸಾಹೇಬರ ಹೆಂಡತಿ ಆ ಕಚೇರಿಯ ಸಂಬಳವಿಲ್ಲದ ನೌಕರರು. ಔತಣ ಮುಗಿದ ರಾತ್ರಿ ಅಶೋಕ ಲಾಂಛನದ ತಟ್ಟೆಗಳನ್ನು ಎಣಿಸಿಯೇ ಅವರು ಮಲಗುವುದು.

1979ರಲ್ಲಿ ಒಮ್ಮೆ ಬ್ಯಾಗಿನಲ್ಲಿ ಬಂದ ಹಳೆಯ ಪೇಪರಿನಲ್ಲಿ ಸಿ.ಬಿ. ಮುತ್ತಮ್ಮನವರ ಸುದ್ದಿ ಇತ್ತು. ವಿರಾಜಪೇಟೆಯವರು, 1949ರಲ್ಲಿ ವಿದೇಶಾಂಗ ಸೇವೆ ಸೇರಿದ ಮೊದಲ ಹೆಂಗಸು. 1970ರಲ್ಲಿ ಹಂಗೇರಿಗೆ ರಾಯಭಾರಿಯಾದರು. ಆಮೇಲೆ ಘಾನಾ, ನೆದರ್ಲೆಂಡ್ಸ್. ಸೇವೆಗೆ ಸೇರುವಾಗಲೇ ಮದುವೆಯಾದರೆ ರಾಜೀನಾಮೆ ಕೊಡುತ್ತೇನೆಂದು ಅವರಿಂದ ಬರೆಸಿಕೊಂಡಿದ್ದರು. ಹೆಂಗಸರು ಮದುವೆಗೆ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕೆಂಬ ನಿಯಮ ಬಹುಕಾಲ ಇತ್ತು. ಬಡ್ತಿ ತಪ್ಪಿದಾಗ ಮುತ್ತಮ್ಮ ಸುಪ್ರೀಂ ಕೋರ್ಟಿಗೆ ಹೋದರು. ತೀರ್ಪು ಬರುವ ಹೊತ್ತಿಗೆ ಸರ್ಕಾರ ಅವಸರದಲ್ಲಿ ಬಡ್ತಿ ಕೊಟ್ಟಾಗಿತ್ತು, ಅರ್ಜಿ ವಜಾ ಆಯಿತು. ಆದರೂ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬಿಡಲಿಲ್ಲ: ಸಂಸಾರ ಹೆಣ್ಣಿನ ಕೆಲಸಕ್ಕೆ ಅಡ್ಡಿಯಾಗುವುದಾದರೆ ಗಂಡಿನದಕ್ಕೆ ಯಾಕಾಗುವುದಿಲ್ಲ ಎಂದು ಕೇಳಿ, ನಿಯಮಗಳನ್ನು ತಿದ್ದುವಂತೆ ಹೇಳಿದರು.

"ನಿಮ್ಮ ಕಡೆಯವರೇ ಅಲ್ಲವೇನ್ರೀ? ಕೆಲಸ ಬಿಟ್ಟು ಕೋರ್ಟಿಗೆ ಅಲೀತಾರಂತೆ" ಎಂದು ಅಧಿಕಾರಿಯೊಬ್ಬರು ನಕ್ಕರು. ನಾನೂ ನಕ್ಕೆ. ಅದೇ ಸಂಜೆ ಔತಣಕ್ಕೆ ಯಾರ ಪಕ್ಕ ಯಾರು ಕೂರಬೇಕೆಂಬ ಪಟ್ಟಿ ಟೈಪ್ ಮಾಡಿದ್ದು ನೆನಪಿದೆ. ಆಗಿನ ರಾಜತಂತ್ರದಲ್ಲಿ ನನ್ನ ಪಾಲು ಹೆಚ್ಚಾಗಿ ಅಂಥದೇ.

ಕೆಲವು ವರ್ಷಗಳ ಹಿಂದೆ ಮಗಳಿರುವ ಊರಿನಲ್ಲಿ ಗಣರಾಜ್ಯೋತ್ಸವಕ್ಕೆ ಅಲ್ಲಿನ ನಮ್ಮ ರಾಯಭಾರ ಕಚೇರಿಗೆ ಹೋಗಿದ್ದೆ. ಧ್ವಜ, ರಾಷ್ಟ್ರಪತಿಗಳ ಭಾಷಣದ ಓದು, ಸಮೋಸ, ಎಲ್ಲ ಮೊದಲಿನಂತೆಯೇ. ರಾಯಭಾರಿ ಹೆಂಗಸು. ಓದು ಮುಗಿದದ್ದೇ ಜನ ಸೆಲ್ಫಿಗೆ ಮುತ್ತಿಕೊಂಡರು. ಒಬ್ಬಾತ ತನ್ನ ಪಾಸ್‌ಪೋರ್ಟ್ ತಡವಾದದ್ದಕ್ಕೆ ಅಲ್ಲೇ ಜಗಳ ತೆಗೆದ. ನಮ್ಮ ಸಾಹೇಬರ ಹತ್ತಿರ ಅಷ್ಟು ಸಲಿಗೆ ಯಾರಿಗೂ ಇರಲಿಲ್ಲ. ಆಕೆ ನಿಂತು ಪೂರ್ತಿ ಕೇಳಿಸಿಕೊಂಡರು. ಆಚೆ ಅಡುಗೆಮನೆಯ ಬಾಗಿಲಲ್ಲಿ ಅವರ ಗಂಡ ತಟ್ಟೆ ಎಣಿಸುತ್ತಿದ್ದರು.