ಇಣಚಿ ಬಿಟ್ಟ ಎಂಜಲು

ಮಾರ್ಚ್ ತಿಂಗಳ ಬೆಳಗು. ಮೂಡಲಗಿಯಿಂದ ಗೋಕಾಕಿನ ಕಡೆಗೆ ಹೊರಟ ಕೆಲವರು ದಾರಿಯಲ್ಲೊಂದು ಹುಣಸೆ ಮರ ಕಂಡರೆ ಇಳಿದೇ ಬಿಡುತ್ತಾರೆ. ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ನೆಲ ಕೆದಕುವುದನ್ನು ಕಂಡ ದಾರಿಹೋಕರು ಸೈಕಲ್ ನಿಲ್ಲಿಸಿ ಕೇಳುತ್ತಾರೆ: ‘ಏನ್ ಕಳಕೊಂಡೀರ್ರಿ?’

‘ಏನಿಲ್ರಿ, ಇಣಚಿ ಏನ್ ತಿಂದೈತಿ ಅಂತ ನೋಡಾಕತ್ತೀನಿ.’

ಅಳಿಲಿಗೆ ಈ ಸೀಮೆಯಲ್ಲಿ ಇಣಚಿ ಎಂದು ಹೆಸರು. ಅದನ್ನು ನೋಡುವವರು ಬಹಳ ಮಂದಿ. ಅದರ ಎಂಜಲು ನೋಡುವವರು ಕಡಿಮೆ. ಆದರೆ ಒಮ್ಮೆ ಈ ರುಚಿ ಹತ್ತಿತೆಂದರೆ ಮರದ ಕೆಳಗೆ ಸುಮ್ಮನೆ ದಾಟಿ ಹೋಗಲು ಕಾಲು ಬರುವುದಿಲ್ಲ.

ಕೈಗೆತ್ತಿಕೊಂಡ ಒಂದು ಹುಣಸೆಕಾಯನ್ನೇ ನೋಡಿ. ಬೆನ್ನಿನ ಮೇಲಿನ ಒಣ ಸಿಪ್ಪೆ ಉದ್ದಕ್ಕೂ ಒಡೆದಿದೆ, ಹೊಟ್ಟೆಯ ಕಡೆಯದು ಹಾಗೇ ಇದೆ. ಒಳಗಿನ ತಿರುಳನ್ನು ಕೆರೆದು ತಿಂದ ಕಡೆ ಎರಡೆರಡು ಸಣ್ಣ ಗೀರುಗಳು ಜೋಡಿಯಾಗಿ ಸಾಗಿವೆ. ಬಾಚಿಹಲ್ಲುಗಳ ಗುರುತು ಅದು. ನಾರುಗಳು ಮಾತ್ರ ಹರಿದ ದಾರದಂತೆ ತೂಗುತ್ತಿವೆ. ಗಿಳಿ ತಿಂದದ್ದಾದರೆ ಹೀಗಿರುವುದಿಲ್ಲ. ಅದು ಕೊಕ್ಕಿನಿಂದ ಕಚ್ಚಿ, ಅರ್ಧ ತಿಂದು ಕೆಡವುತ್ತದೆ. ಇಣಚಿ ಹಿಂಗಾಲ ಮೇಲೆ ಕೂತು, ಮುಂಗೈ ಎರಡರಲ್ಲೂ ಕಾಯಿ ಹಿಡಿದು, ತಿರುಗಿಸಿ ತಿರುಗಿಸಿ ಕಡಿಯುತ್ತದೆ. ಅದರ ಬಾಚಿಹಲ್ಲು ಬದುಕಿರುವ ತನಕ ಬೆಳೆಯುತ್ತಲೇ ಇರುತ್ತದೆ. ಗಟ್ಟಿಯಾದದ್ದನ್ನು ಕಡಿಯುತ್ತಿದ್ದರೇನೇ ಅದು ಸವೆದು ಹದಕ್ಕೆ ಬರುವುದು.

ಈ ಹವ್ಯಾಸಕ್ಕೆ ದುಬಾರಿ ಸಾಮಾನು ಬೇಡ. ಒಂದು ವಹಿ, ಒಂದು ಪೆನ್ಸಿಲ್. ಮರದ ಕೆಳಗೆ ಟವೆಲ್ ಹಾಸುವಷ್ಟು ಜಾಗವನ್ನು ನಾಲ್ಕು ಕಲ್ಲಿಟ್ಟು ಗುರುತು ಮಾಡಿ, ವಾರಕ್ಕೊಮ್ಮೆ ಬಂದು ಎಂಜಲು ಎಣಿಸಿ ಬರೆದುಕೊಂಡರಾಯಿತು.

ಎರಡು ಮೂರು ವರ್ಷ ಬರೆದ ವಹಿ ಮಳೆಯ ಕಥೆ ಹೇಳತೊಡಗುತ್ತದೆ. ಪಶ್ಚಿಮ ಘಟ್ಟದ ಮಳೆ ನೆರಳಿನ ನಾಡಿದು. ವರ್ಷಕ್ಕೆ ಬೀಳುವುದು ಸುಮಾರು 500ರಿಂದ 600 ಮಿಲಿಮೀಟರ್. ಹುಣಸೆ ಹೂ ಬಿಡುವುದು ಮುಂಗಾರಿನ ಹೊತ್ತಿಗೆ, ಕಾಯಿ ಹಣ್ಣಾಗುವುದು ಮರುವರ್ಷದ ಫೆಬ್ರುವರಿಯಿಂದ ಏಪ್ರಿಲ್ ಒಳಗೆ. ಇವತ್ತು ಇಣಚಿ ಕಡಿದ ಕಾಯಲ್ಲಿ ಇರುವುದು ಹೋದ ವರ್ಷದ ಮಳೆ. ಜೊತೆಗೆ ಹುಣಸೆ ಒಂದು ವರ್ಷ ಜೋತುಬೀಳುವಷ್ಟು ಬಿಟ್ಟರೆ ಮುಂದಿನ ವರ್ಷ ದಣಿವಾರಿಸಿಕೊಳ್ಳುತ್ತದೆ. ಘಟಪ್ರಭಾ ಕಾಲುವೆಯ ಪಕ್ಕದ ಮರಕ್ಕೂ ಗೋಕಾಕ ಗುಡ್ಡದ ಕಲ್ಲುನೆಲದ ಮರಕ್ಕೂ ಹೋಲಿಕೆಯೇ ಬೇಡ. ಒಂದರ ಬೇರು ತಂಪಿನಲ್ಲಿದೆ, ಇನ್ನೊಂದು ಮೋಡ ನೋಡುತ್ತ ನಿಂತಿದೆ.

ಬೇವಿನ ಲೆಕ್ಕವೇ ಬೇರೆ. ಅದು ಯುಗಾದಿಯ ಸುತ್ತ ಹೂವಾಗುತ್ತದೆ. ಆಗ ಅಡ್ಡಮಳೆಯ ಜೊತೆ ಆಣೆಕಲ್ಲು ಬಿದ್ದರೆ ಹೂವೆಲ್ಲ ನೆಲಕ್ಕೆ. ಕೆಲವು ಚಳಿಗಾಲದಲ್ಲಿ ಟೀ ಸೊಳ್ಳೆ ಎನ್ನುವ ತಿಗಣೆ ಎಳೆ ಚಿಗುರಿನ ರಸ ಹೀರಿ ರೆಂಬೆಗಳನ್ನೇ ಒಣಗಿಸುತ್ತದೆ. ಅಂಥ ವರ್ಷ ಜೂನ್‌ನಲ್ಲಿ ಬೇವಿನ ಕೆಳಗೆ ಇಣಚಿ ಚೀಪಿ ಉಗುಳಿದ ಬಿಳಿ ಬೀಜಗಳು ಬೆರಳೆಣಿಕೆಗೆ ಇಳಿಯುತ್ತವೆ.

ಹಾಗೆಂದು ಇಣಚಿ ಉಪವಾಸ ಕೂರುವುದಿಲ್ಲ. ಮುತ್ತುಗದ ಹೂವಿನ ಮಕರಂದ, ಹುಳು, ಎಳೆ ಚಿಗುರು ಎಲ್ಲವೂ ಅದಕ್ಕೆ ಆಗಿಬರುತ್ತದೆ. ಬದುವಿನ ಅಂಚಿನ ಗೋವಿನಜೋಳಕ್ಕೂ ಬಾಯಿ ಹಾಕುತ್ತದೆ. ಕಾಳು ಬಿಡಿಸಿದ ಆ ದಿಂಡು ಕೈಯಲ್ಲಿ ಹಿಡಿದಾಗ, ಚಳಿ ದೇಶಗಳ ಅಳಿಲುಗಳು ಪೈನ್ ಕಾಯಿಯ ಪಕಳೆ ಒಂದೊಂದಾಗಿ ಕಿತ್ತು ಬೀಜ ತಿಂದು ಬಿಟ್ಟ ನಡುದಿಂಡು ನೆನಪಾಗದೆ ಇರದು.

ಆ ಅಳಿಲುಗಳ ಬಾಳು ಕಾಡಿನ ಹದಕ್ಕೆ ಇನ್ನೂ ಬಿಗಿಯಾಗಿ ಕಟ್ಟುಬಿದ್ದಿದೆ. ಕೆನಡಾದ ಯೂಕಾನ್ ಪ್ರದೇಶದಲ್ಲಿ, ಕ್ಲುವಾನಿ ಸರೋವರದ ಬಳಿ, 1987ರಿಂದ ಕೆಂಪು ಅಳಿಲುಗಳ ಅಧ್ಯಯನ ನಡೆದಿದೆ. ಅಲ್ಲಿನ ಆಹಾರ ಪೈನಿನ ಬಂಧುವಾದ ಬಿಳಿ ಸ್ಪ್ರೂಸ್ ಮರದ ಕಾಯಿ. ಹಿಂದಿನ ಬೇಸಿಗೆ ಬೆಚ್ಚಗೆ ಒಣದಾಗಿ ಕಳೆದಿದ್ದರೆ ಮರಗಳೆಲ್ಲ ಒಟ್ಟಿಗೆ ಕಾಯಿ ಸುರಿಯುತ್ತವೆ. ಉಳಿದ ವರ್ಷಗಳಲ್ಲಿ ಕೈಚೆಲ್ಲುತ್ತವೆ. ಸುಗ್ಗಿಯ ವರ್ಷ ಕಾಯಿ ಬಲಿಯುವ ಮೊದಲೇ ಹೆಣ್ಣು ಅಳಿಲುಗಳು ಎರಡನೇ ಸೂಲು ಹಾಕುವುದನ್ನು ಸಂಶೋಧಕರು ಕಂಡಿದ್ದಾರೆ. ಕಣಜ ತುಂಬುವ ಮುನ್ನವೇ ಮನೆಯಲ್ಲಿ ತೊಟ್ಟಿಲು ಕಟ್ಟಿದ ಹಾಗೆ!

ಮೂಡಲಗಿಯ ಇಣಚಿಯೂ ಮರವನ್ನು ಹಾಗೇ ಮುಂಚಿತವಾಗಿ ಓದುತ್ತದೆಯೇ? ವಹಿ ಹಿಡಿದವರಿಗೆ ಪ್ರತಿ ಜೂನ್‌ನಲ್ಲೂ ಈ ಪ್ರಶ್ನೆ ಹೊಸದಾಗಿ ಹುಟ್ಟುತ್ತದೆ. ಮೊದಲ ಮಳೆ ಬಿದ್ದು ಮಣ್ಣು ಇನ್ನೂ ಹಸಿ. ನಾಲ್ಕು ಕಲ್ಲುಗಳ ನಡುವೆ ಹಳೆಯ ಸಿಪ್ಪೆ ಕಪ್ಪಗೆ ನೆನೆದು ಮಲಗಿದೆ. ಅದರ ಮೇಲೆ ಕೆಂಪು ಗೆರೆಯ ಹಳದಿ ಹುಣಸೆ ಹೂಗಳು ಉದುರಿವೆ. ಅವುಗಳಲ್ಲೊಂದರ ತೊಟ್ಟಿನ ಬಳಿ ಎರಡು ಸಣ್ಣ ಗೀರು. ವಹಿಯ ಹೊಸ ಹಾಳೆ ತೆರೆದು ತಾರೀಕು ಹಾಕುವಾಗ ಮೇಲೆ ಕೊಂಬೆಯಲ್ಲಿ ‘ಚಿಕ್ ಚಿಕ್’ ಶುರುವಾಗಿರುತ್ತದೆ.